ಮರುಭೂಮಿಗೆ ಶರತ್ಕಾಲ ಬಂದುದನ್ನು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾಲಯ ಅಮಾವಾಸ್ಯೆ ಹತ್ತಿರವಾಗಿ ದಸರಾ ರಜೆಯ ಲೆಕ್ಕಾಚಾರ ಶುರುವಾಗುತ್ತಿದ್ದಂತೆ, ಥಾರ್ ಮರುಭೂಮಿಗೆ ಹೊರಟಿರುವ ಬೆಂಗಳೂರಿನ ಸ್ನೇಹಿತರೂ ನೆರೆಯವರೂ ನನ್ನನ್ನು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ನಾನು ಹವಾಮಾನ ತಜ್ಞನಲ್ಲ. ಜೈಸಲ್ಮೇರ್, ಜೋಧ್‌ಪುರ, ಬಿಕಾನೇರ್ ಸೀಮೆಗಳನ್ನು ಕೆಲವು ಬಾರಿ ಸುತ್ತಿ ಬಂದು, ಕಂಡದ್ದನ್ನು ಬರೆದಿಟ್ಟುಕೊಂಡವನು. ಪ್ರತಿ ವರ್ಷವೂ ಅದೇ ಉತ್ತರಗಳನ್ನು ದೂರವಾಣಿಯಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಡುವುದು ಲೇಸೆನ್ನಿಸಿತು.

ಮರುಭೂಮಿಯಲ್ಲಿ ಶರತ್ಕಾಲವೆಂಬುದು ನಿಜವಾಗಿಯೂ ಇದೆಯೇ?

ಇದೆ, ಆದರೆ ಅಲ್ಲಿಯ ಜನರ ದಿನನಿತ್ಯದ ಮಾತಿನಲ್ಲಿ ಅದಕ್ಕೆ ಬೇರೆ ಸ್ಥಾನವಿಲ್ಲ. ಮಾರ್ವಾಡಿಯಲ್ಲಿ ಉನಾಳೊ, ಚೌಮಾಸೊ, ಸಿಯಾಳೊ ಎಂದು ಮೂರು ಕಾಲಗಳು. ಅಂದರೆ ಬೇಸಿಗೆ, ಮಳೆಗಾಲ, ಚಳಿಗಾಲ. ಇದರಲ್ಲಿ ನಾವು ಅಚ್ಚರಿಪಡುವಂಥದ್ದೇನೂ ಇಲ್ಲ, ಏಕೆಂದರೆ ಕನ್ನಡಿಗರ ಬಾಯಲ್ಲೂ ಮೂರೇ ಕಾಲಗಳು ಓಡಾಡುತ್ತವೆ. ಶರದೃತು ನಮ್ಮ ಮನೆಗಳಲ್ಲಿ ಪಂಚಾಂಗ ತೆರೆದಾಗ ಅಥವಾ ಪುರೋಹಿತರು ಸಂಕಲ್ಪ ಹೇಳಿಸುವಾಗ ಮಾತ್ರ ಕಿವಿಗೆ ಬೀಳುತ್ತದೆ. ಆಶ್ವಯುಜ, ಕಾರ್ತಿಕ ಮಾಸಗಳನ್ನು ಶರತ್ ಎಂದು ಕರೆದವರು ಮಳೆ ನಿಂತ ಮೇಲಿನ ತಿಳಿಯಾದ ಆಕಾಶವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆ ವರ್ಣನೆ ಆಶ್ವಯುಜದಲ್ಲೂ ಛತ್ರಿ ಹಿಡಿದು ಓಡಾಡುವ ಬೆಂಗಳೂರಿಗಿಂತ ಜೈಸಲ್ಮೇರಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಂಪು, ಹಳದಿ ಎಲೆಗಳು ಗಾಳಿಗೆ ಉದುರುವ ಚಿತ್ರವನ್ನು ತಲೆಯಲ್ಲಿ ತುಂಬಿಕೊಂಡು ಹೋದವರಿಗೆ ಮಾತ್ರ ನಿರಾಸೆ ಖಂಡಿತ. ಅಲ್ಲಿಯ ಶರತ್ಕಾಲ ಮೊದಲು ಚರ್ಮಕ್ಕೆ ತಿಳಿಯುತ್ತದೆ, ಆಮೇಲೆ ಕಿವಿಗೆ, ಕಣ್ಣಿಗೆ ಕಟ್ಟಕಡೆಗೆ.

ಅದು ಯಾವಾಗ ಶುರುವಾಗುತ್ತದೆ?

ನೈಋತ್ಯ ಮುಂಗಾರು ದೇಶವನ್ನು ಬಿಟ್ಟು ಹೊರಡಲು ಆರಂಭಿಸುವುದೇ ಪಶ್ಚಿಮ ರಾಜಸ್ಥಾನದ ಈ ಮೂಲೆಯಿಂದ. ಕೇರಳಕ್ಕೆ ಎಲ್ಲರಿಗಿಂತ ಮೊದಲು ಬರುವ ಮಳೆ ಜೈಸಲ್ಮೇರನ್ನು ಎಲ್ಲರಿಗಿಂತ ಮೊದಲು ಬಿಟ್ಟುಹೋಗುತ್ತದೆ. ಭಾರತೀಯ ಹವಾಮಾನ ಇಲಾಖೆ ಈ ನಿರ್ಗಮನಕ್ಕೆ ಮೊದಲು ಸೆಪ್ಟೆಂಬರ್ 1ನ್ನು ವಾಡಿಕೆಯ ದಿನವೆಂದು ಇಟ್ಟುಕೊಂಡಿತ್ತು. 2020ರಲ್ಲಿ ಅದನ್ನು ಪರಿಷ್ಕರಿಸಿ ಸೆಪ್ಟೆಂಬರ್ 17ಕ್ಕೆ ಬದಲಾಯಿಸಿತು. ಸತತ ಐದು ದಿನ ಮಳೆ ಬೀಳದಿರುವುದು, ಗಾಳಿಯಲ್ಲಿನ ತೇವಾಂಶ ಗಣನೀಯವಾಗಿ ಇಳಿಯುವುದು, ವಾತಾವರಣದ ಕೆಳಪದರದಲ್ಲಿ ಗಾಳಿಯು ಪ್ರದಕ್ಷಿಣವಾಗಿ ಸುತ್ತುತ್ತ ಕೆಳಗಿಳಿಯುವ ಅಧಿಕ ಒತ್ತಡದ ವ್ಯವಸ್ಥೆ ನೆಲೆಗೊಳ್ಳುವುದು: ಈ ಮೂರೂ ಕೂಡಿ ಬಂದಾಗ ಮಾತ್ರ ಮುಂಗಾರು ಹಿಂದೆ ಸರಿಯಿತೆಂದು ಇಲಾಖೆ ಘೋಷಿಸುತ್ತದೆ. ಹಾಗಾಗಿ ಸೆಪ್ಟೆಂಬರಿನ ಮೂರನೆಯ ವಾರದಿಂದ ನವೆಂಬರಿನ ನಡುವಿನವರೆಗಿನ ಎರಡು ತಿಂಗಳನ್ನು ಮರುಭೂಮಿಯ ಶರತ್ಕಾಲವೆಂದು ಇಟ್ಟುಕೊಂಡರೆ ತಪ್ಪಾಗಲಾರದು.

ಅಲ್ಲಿ ಮಳೆ ನಿಂತ ಹೊತ್ತಿಗೆ ಬೆಂಗಳೂರಿನಲ್ಲಿ ಸುರಿಯುವುದೇಕೆ?

ಹಿಂದೆ ಸರಿಯುವ ಮಳೆಯ ಸಾಲು ವಾಯವ್ಯದಿಂದ ದಕ್ಷಿಣಕ್ಕೆ ಇಳಿದು ಬರಲು ಒಂದು ತಿಂಗಳು ಹಿಡಿಯುತ್ತದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಅದು ಇಡೀ ದೇಶವನ್ನು ದಾಟುತ್ತದೆ, ಅದರ ಬೆನ್ನಿಗೇ ನಮ್ಮ ಹಿಂಗಾರು ಬಂಗಾಳ ಕೊಲ್ಲಿಯ ಕಡೆಯಿಂದ ಕಾಲಿಡುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಇದು ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಬೀಳುವ ಸರಾಸರಿ ಮಳೆ, ಜೈಸಲ್ಮೇರಿಗೆ ಇಡೀ ವರ್ಷದಲ್ಲಿ ಬೀಳುವ ಸುಮಾರು 200 ಮಿಲಿಮೀಟರಿಗೆ ಹೆಚ್ಚುಕಡಿಮೆ ಸಮ. ಸಿಲ್ಕ್ ಬೋರ್ಡ್ ಬಳಿ ಮೊಣಕಾಲುದ್ದ ನೀರಿನಲ್ಲಿ ಬಸ್ಸಿಗೆ ಕಾದ ದಿನ ನನಗೆ ಈ ಹೋಲಿಕೆ ಅಷ್ಟೇನೂ ರುಚಿಸಲಿಲ್ಲ.

ಹಗಲಿನಲ್ಲಿ 36 ಡಿಗ್ರಿ ಇರುವಾಗ ಅದನ್ನು ಬೇಸಿಗೆಯೆನ್ನದೆ ಶರತ್ತು ಎನ್ನುವುದು ಹೇಗೆ?

ಇದು ನನಗೆ ಬರುವ ಪ್ರಶ್ನೆಗಳಲ್ಲೆಲ್ಲ ಅತ್ಯಂತ ನ್ಯಾಯವಾದದ್ದು. ಜೈಸಲ್ಮೇರಿನ ಹಗಲಿನ ಗರಿಷ್ಠ ಉಷ್ಣಾಂಶ ಆಗಸ್ಟಿನಿಂದ ಅಕ್ಟೋಬರಿನವರೆಗೆ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ, 35ರಿಂದ 37 ಡಿಗ್ರಿಯ ನಡುವೆ ಇರುತ್ತದೆ. ಹಗಲಿನ ಅಂಕಿಯನ್ನು ಮಾತ್ರ ನೋಡುವವರಿಗೆ ಏನೂ ಬದಲಾದಂತೆ ತೋರುವುದಿಲ್ಲ. ರಾತ್ರಿಯ ಅಂಕಿಯೇ ಬೇರೆ ಕಥೆ ಹೇಳುತ್ತದೆ: ಆಗಸ್ಟಿನಲ್ಲಿ 26ರ ಆಸುಪಾಸಿನಲ್ಲಿದ್ದ ಕನಿಷ್ಠ ಉಷ್ಣಾಂಶ ಅಕ್ಟೋಬರಿನಲ್ಲಿ 20ರ ಸುಮಾರಿಗೆ, ನವೆಂಬರಿನಲ್ಲಿ 14–15ಕ್ಕೆ ಇಳಿಯುತ್ತದೆ. ಅಂದರೆ ಋತು ಬದಲಾಗುವುದು ರಾತ್ರಿಯ ಹೊತ್ತಿನಲ್ಲಿ. ಹಗಲು ಆ ಸುದ್ದಿಯನ್ನು ಒಂದು ತಿಂಗಳು ತಡವಾಗಿ ಕೇಳಿಸಿಕೊಳ್ಳುತ್ತದೆ.

ಇದಕ್ಕೆ ಕಾರಣ ಗಾಳಿಯಲ್ಲಿನ ನೀರಿನ ಆವಿ. ಮೋಡ ಮತ್ತು ತೇವ ಇರುವ ತನಕ ನೆಲದಿಂದ ಹೊರಡುವ ಕಾವನ್ನು ಅವು ಕಂಬಳಿಯಂತೆ ತಡೆಹಿಡಿಯುತ್ತವೆ; ಆವಿ ಕಡಿಮೆಯಾದೊಡನೆ ಹಗಲೆಲ್ಲ ಕಾದ ನೆಲದ ಶಾಖ ರಾತ್ರಿ ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ. ಮರಳು ಶಾಖವನ್ನು ಆಳಕ್ಕೆ ಸಾಗಿಸುವುದಿಲ್ಲವಾದ್ದರಿಂದ ಮೇಲ್ಪದರ ಬೇಗ ಕಾದು ಬೇಗ ಆರುತ್ತದೆ. ಬೇಸಿಗೆಯ ಮಧ್ಯಾಹ್ನ 60 ಡಿಗ್ರಿಯನ್ನೂ ಮೀರಿ ಕಾಯುವ ಅದೇ ದಿಬ್ಬದ ಮೇಲೆ ಕಾರ್ತಿಕದ ಬೆಳಗಿನಲ್ಲಿ ಬರಿಗಾಲಿಡಲು ಹಿಂಜರಿಯಬೇಕಾಗುತ್ತದೆ.

ಅಂಕಿಗಳು ಬೇಡವೆನ್ನುವವರಿಗೆ ಇನ್ನೊಂದು ಗುರುತು ಹೇಳುತ್ತೇನೆ. ಅಲ್ಲಿ ಮನೆಯ ಹೊರಗೆ ನೆರಳಿನಲ್ಲಿ ಇಟ್ಟಿರುವ ಮಣ್ಣಿನ ಮಡಕೆಯ ಹೊಟ್ಟೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಮಳೆಗಾಲದ ತೇವದಲ್ಲಿ ಮಡಕೆಯ ಮೈಯಿಂದ ಜಿನುಗಿದ ನೀರು ಆರದೆ ಅಂಟಂಟಾಗಿ ಉಳಿಯುತ್ತದೆ, ಒಳಗಿನ ನೀರೂ ಬೆಚ್ಚಗೇ ಇರುತ್ತದೆ. ಗಾಳಿ ಒಣಗಿದ ಮೇಲೆ ಜಿನುಗಿದ್ದು ಜಿನುಗಿದಂತೆ ಆವಿಯಾಗಿ, ಹೋಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಹೊರಗೆ 36 ಡಿಗ್ರಿ ಬಿಸಿಲು ಸುಡುತ್ತಿದ್ದರೂ ಲೋಟದ ನೀರು ಹಲ್ಲಿಗೆ ತಣ್ಣಗೆ ತಾಗುತ್ತದೆ. ಆಗಸ್ಟಿನಲ್ಲಿ ಸುಮ್ಮನೆ ಸದ್ದು ಮಾಡುತ್ತಿದ್ದ ನೀರಿನ ಕೂಲರ್‌ಗಳು ಸೆಪ್ಟೆಂಬರಿನ ಕೊನೆಗೆ ಮತ್ತೆ ಕೆಲಸಕ್ಕೆ ಬರುವುದೂ ಇದೇ ಕಾರಣಕ್ಕೆ. ತುಟಿ ಒಡೆಯುವುದು, ಒಗೆದ ಬಟ್ಟೆ ಒಂದು ಗಂಟೆಯೊಳಗೆ ಗರಿಗರಿಯಾಗುವುದು ಇವುಗಳ ಜೊತೆಗೇ ಬರುತ್ತವೆ.

ಗಾಳಿಯಲ್ಲೂ ಮರಳಿನಲ್ಲೂ ಏನು ವ್ಯತ್ಯಾಸ ಕಾಣುತ್ತದೆ?

ಏಪ್ರಿಲಿನಿಂದ ಆಗಸ್ಟಿನವರೆಗೆ ನೈಋತ್ಯದ ಗಾಳಿ ದಿಬ್ಬಗಳ ನೆತ್ತಿಯನ್ನು ಕೆರೆದು ಮರಳನ್ನು ಒಂದೇ ಸಮನೆ ಸಾಗಿಸುತ್ತಿರುತ್ತದೆ. ‘ಆಂಧಿ’ ಎಂದು ಕರೆಯುವ ದೂಳಿನ ಬಿರುಗಾಳಿಗಳು ಮೇ, ಜೂನ್ ತಿಂಗಳ ಹಾವಳಿ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಈ ಗಾಳಿಯ ಬಿರುಸು ತಗ್ಗಿ, ಅಕ್ಟೋಬರಿನಲ್ಲಿ ಎಷ್ಟೋ ಮುಂಜಾವುಗಳು ಎಲೆಯಲುಗದಂತೆ ಇರುತ್ತವೆ. ಇದರ ಫಲವನ್ನು ನೋಡಬೇಕಾದರೆ ಸೂರ್ಯ ಹುಟ್ಟುವ ಹೊತ್ತಿಗೆ ದಿಬ್ಬದ ಮೇಲೆ ಮೊಣಕಾಲೂರಿ ಕೂರಬೇಕು. ರಾತ್ರಿ ಓಡಾಡಿದ ಜೀರುಂಡೆಯ ಕಾಲ್ಗುರುತು ಹೊಲಿಗೆ ಯಂತ್ರದ ನೂಲಿನಂತೆ ಎರಡು ಸಾಲಾಗಿ ಹರಿದಿರುತ್ತದೆ. ಅದರ ಪಕ್ಕದಲ್ಲೇ ಮರುಭೂಮಿಯ ಇಲಿ ಕುಪ್ಪಳಿಸಿದ ಜೋಡಿ ಗುರುತು, ಒಂದು ಒಣ ಹುಲ್ಲಿನ ಎಸಳು ತೂಗಿ ತೂಗಿ ಬರೆದ ಅರ್ಧ ವರ್ತುಲ. ಬೇಸಿಗೆಯಲ್ಲಿ ಇವೆಲ್ಲ ಮೂಡಿದ ಮರುಕ್ಷಣವೇ ಅಳಿಸಿಹೋಗುತ್ತವೆ. ಶರತ್ಕಾಲದಲ್ಲಿ ಬೆಳಗಿನ ಹತ್ತು ಗಂಟೆಯವರೆಗೂ ಉಳಿದಿದ್ದುದನ್ನು ನಾನು ಕಂಡಿದ್ದೇನೆ.

ಅಲ್ಲಿ ಮರಗಳು ಎಲೆ ಉದುರಿಸುತ್ತವೆಯೇ?

ಈ ಕಾಲದಲ್ಲಿ ಅಷ್ಟಾಗಿ ಇಲ್ಲ. ಮಳೆಗಾಲದ ಕೊನೆಯೇ ಥಾರ್‌ನಲ್ಲಿ ವರ್ಷದ ಅತಿ ಹಸಿರಾದ ಹೊತ್ತು. ಶರತ್ತು ಆ ಹಸಿರು ಮೆಲ್ಲಗೆ ಹೊಂಬಣ್ಣಕ್ಕೆ ತಿರುಗುವ ಅವಧಿ. ಮೊದಲು ಒಣಗುವುದು ಸೇವಣ್ ಹುಲ್ಲು. ನೆಲದ ಮೇಲೆ ಹಬ್ಬಿದ ಹಾವುಮೆಕ್ಕೆಯ ಬಳ್ಳಿ ಬತ್ತಿ, ಹಳದಿ ಕಾಯಿಗಳು ಮಾತ್ರ ಯಾರೋ ಮರೆತುಬಿಟ್ಟ ಚೆಂಡುಗಳಂತೆ ಮರಳಿನ ಮೇಲೆ ಉಳಿಯುತ್ತವೆ. ಎಕ್ಕದ ಗಿಡ ಯಾವ ಋತುವಿಗೂ ಸೊಪ್ಪು ಹಾಕದೆ ತನ್ನ ಪಾಡಿಗೆ ಹೂಬಿಟ್ಟುಕೊಂಡಿರುತ್ತದೆ.

ಆದರೆ ಮರದ ಮಾತು ಬಂದಾಗ ಕನ್ನಡಿಗರು ನೋಡಲೇಬೇಕಾದದ್ದು ಖೇಜಡಿ. 1983ರಲ್ಲಿ ರಾಜಸ್ಥಾನದ ರಾಜ್ಯವೃಕ್ಷವಾದ ಈ ಮರ ಬೇರೇನೂ ಅಲ್ಲ, ನಮ್ಮ ಬನ್ನಿ. ವಿಜಯದಶಮಿಯಂದು ನಾವು ಪೂಜಿಸುವ, ಉತ್ತರ ಕರ್ನಾಟಕದಲ್ಲಿ ಎಲೆ ಹಂಚಿ ‘ಬನ್ನಿ ತಗೊಂಡು ಬಂಗಾರದ ಹಾಗಿರೋಣ’ ಎಂದು ಹರಸುವ, ಮೈಸೂರಿನ ಜಂಬೂಸವಾರಿ ಹುಡುಕಿಕೊಂಡು ಹೋಗುವ ಅದೇ ಶಮೀವೃಕ್ಷ. ಆಳಕ್ಕೆ ಬೇರಿಳಿಸಿ ನೀರು ಹುಡುಕುವ ಈ ಮರ ಕಡುಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಚಳಿ ಬೀಳುವ ಹೊತ್ತಿಗೆ ರೈತರು ಅದರ ರೆಂಬೆಗಳನ್ನು ಸವರಿ ಎಲೆಯನ್ನು ಮೇಕೆ, ಒಂಟೆಗಳ ಮೇವಿಗೆ ಕೂಡಿಡುತ್ತಾರೆ. ಹೊಲದ ನಡುವೆ ಬೋಳಾಗಿ ನಿಂತ ಖೇಜಡಿಯನ್ನು ಕಂಡು ‘ಎಲೆ ಉದುರಿದೆ’ ಎಂದು ಬರೆದುಕೊಳ್ಳುವ ಪ್ರವಾಸಿಗರು ಕುಡುಗೋಲಿನ ಕೆಲಸವನ್ನು ಋತುವಿನ ಲೆಕ್ಕಕ್ಕೆ ಹಾಕುತ್ತಿರುತ್ತಾರೆ. ಇದೇ ಮರಗಳನ್ನು ಉಳಿಸಲು 1730ರಲ್ಲಿ ಜೋಧ್‌ಪುರದ ಸಮೀಪದ ಖೇಜಡ್ಲಿಯಲ್ಲಿ ಅಮೃತಾದೇವಿಯೂ ಸೇರಿ ಬಿಷ್ಣೋಯಿ ಪಂಗಡದ 363 ಜನ ಪ್ರಾಣ ಕೊಟ್ಟರು. ಅವರ ನೆನಪಿನ ಜಾತ್ರೆಯೂ ಭಾದ್ರಪದ ಮಾಸದಲ್ಲಿ, ಅಂದರೆ ಶರತ್ತಿನ ಹೊಸ್ತಿಲಲ್ಲೇ ನಡೆಯುತ್ತದೆ.

ಹೊಲಗಳಲ್ಲಿ ಏನು ನಡೆದಿರುತ್ತದೆ?

ಮರುಭೂಮಿಯೆಂದರೆ ಬರೀ ಮರಳೆಂದು ತಿಳಿದವರಿಗೆ ಜೋಧ್‌ಪುರದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯೇ ಉತ್ತರ. ಜುಲೈನ ಮಳೆಗೆ ಬಿತ್ತಿದ ಸಜ್ಜೆ ಎರಡೂವರೆ ಮೂರು ತಿಂಗಳಲ್ಲಿ ಬಲಿತು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನಲ್ಲಿ ಕೊಯ್ಲಾಗುತ್ತದೆ. ತೆನೆ ಕೊಯ್ದ ಮೇಲೆ ದಂಟನ್ನು ಕಟ್ಟಿ ಬಣವೆ ಒಟ್ಟುವ ರೀತಿ ನಮ್ಮ ಕೊಪ್ಪಳ, ರಾಯಚೂರು ಕಡೆಯವರಿಗೆ ಹೊಸತೇನಲ್ಲ. ಸಜ್ಜೆಯ ಸಾಲಿನ ನಡುವೆ ಮಡಿಕೆಕಾಳು, ಹೆಸರು, ಎಳ್ಳು. ಪಕ್ಕದ ಹೊಲದಲ್ಲಿ ಗೋರಿಕಾಯಿ. ನಾವು ಪಲ್ಯಕ್ಕೆ ಎಳೆಯದಾಗಿ ಕೀಳುವ ಗೋರಿಕಾಯನ್ನು ಅವರು ಬಹುಪಾಲು ಒಣಗಲು ಬಿಟ್ಟು, ಗೋಂದಿನಂಥ ಪುಡಿ ತಯಾರಿಸುವ ಕಾರ್ಖಾನೆಗಳಿಗೆ ಬೀಜವನ್ನು ಮಾರುತ್ತಾರೆ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಖಡೀನ್. ಕಲ್ಲು ದಿಣ್ಣೆಗಳಿಂದ ಹರಿದು ಬರುವ ಮಳೆನೀರನ್ನು ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಏರಿ ಹಾಕಿ ನಿಲ್ಲಿಸುವ ಈ ಪದ್ಧತಿಯನ್ನು ಜೈಸಲ್ಮೇರ್ ಸುತ್ತಿನ ಪಾಲಿವಾಲ ಬ್ರಾಹ್ಮಣರು ಹದಿನೈದನೆಯ ಶತಮಾನದಲ್ಲಿ ರೂಢಿಗೆ ತಂದರೆಂದು ಹೇಳಲಾಗುತ್ತದೆ. ಮಳೆಗಾಲದಲ್ಲಿ ಕೆರೆಯಂತೆ ತುಂಬಿರುವ ಖಡೀನ್ ಶರತ್ತಿನಲ್ಲಿ ಇಂಗಿ ಹೊಲವಾಗುತ್ತದೆ. ನೀರು ಹಿಂದೆ ಸರಿದಂತೆಲ್ಲ ಆ ಹಸಿನೆಲಕ್ಕೆ ಗೋಧಿ, ಕಡಲೆ ಬಿತ್ತುತ್ತಾರೆ, ಮುಂದೆ ಒಂದು ಹನಿ ಮಳೆ ಬೀಳದಿದ್ದರೂ ನೆಲದೊಳಗಿನ ತೇವದಲ್ಲೇ ಬೆಳೆ ಬರುತ್ತದೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವವರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಏರಿ ಒಡೆದು ಕೆರೆಯಂಗಳದಲ್ಲಿ ಬಡಾವಣೆ ಕಟ್ಟಿದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಹಕ್ಕಿಗಳನ್ನು ನೋಡಿ ಋತುವನ್ನು ಹೇಳಬಹುದೇ?

ಗಾಳಿಗಿಂತ, ಎಲೆಗಿಂತ ನಂಬಲರ್ಹವಾದ ಗುರುತು ಇದೇ. ಕ್ರೌಂಚ ಕುಟುಂಬದ, ಬೂದು ಮೈಯ, ಕಪ್ಪು ಕತ್ತಿನ, ಕಣ್ಣಿನ ಹಿಂದೆ ಬಿಳಿಯ ಗರಿಗಳ ಕುಚ್ಚಿರುವ ಹಕ್ಕಿಯನ್ನು ಮಾರ್ವಾಡಿನವರು ಕುರ್ಜಾ ಎನ್ನುತ್ತಾರೆ. ಮಂಗೋಲಿಯಾ, ಕಜಾಕಸ್ತಾನಗಳ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಸೆಪ್ಟೆಂಬರಿನ ಹೊತ್ತಿಗೆ ಫಲೋದಿಯ ಬಳಿಯ ಖೀಚನ್ ಹಳ್ಳಿಗೆ ಅವು ಇಳಿಯತೊಡಗುತ್ತವೆ, ಮಾರ್ಚಿನವರೆಗೆ ಅಲ್ಲಿರುತ್ತವೆ. ಊರಿನವರು ದಶಕಗಳಿಂದ ಅವುಗಳಿಗೆಂದೇ ಬೇಲಿ ಹಾಕಿದ ಅಂಗಳದಲ್ಲಿ ಕಾಳು ಚೆಲ್ಲುತ್ತ ಬಂದಿದ್ದಾರೆ. 2025ರಲ್ಲಿ ಖೀಚನ್ ರಾಮ್ಸಾರ್ ತಾಣಗಳ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೂ ಸೇರಿತು.

ಮೊದಲು ಬರುವವು ಹತ್ತಿಪ್ಪತ್ತು ಹಕ್ಕಿಗಳ ಸಣ್ಣ ಗುಂಪುಗಳು. ನೀಲಿ ಆಕಾಶದಲ್ಲಿ ಅವು ಕಾಣುವುದಕ್ಕೂ ಮೊದಲೇ ಗಂಟಲಿನ ಒಡಕು ದನಿ ಕೇಳಿಸುತ್ತದೆ. ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಒಬ್ಬ ಅಜ್ಜಿ ತಲೆಯೆತ್ತದೆಯೇ ‘ಕುರ್ಜಾ’ ಎಂದು ಹೇಳಿ ಕೆಲಸ ಮುಂದುವರಿಸಿದ್ದನ್ನು ನಾನು ಕೆಳಗಿನ ಬೀದಿಯಿಂದ ನೋಡಿದ್ದೇನೆ. ನಾನು ದುರ್ಬೀನು ಹೊಂದಿಸಿ ಅವನ್ನು ಕಂಡುಹಿಡಿಯಲು ಇನ್ನೂ ಐದು ನಿಮಿಷ ಬೇಕಾಯಿತು.

ಎಲ್ಲ ಹಕ್ಕಿಗಳೂ ಅಲ್ಲಿ ತಂಗಲು ಬಂದವಲ್ಲ. ಯುರೋಪಿನ ನೀಲಕಂಠದಂಥ ಕೆಲವು ಸೆಪ್ಟೆಂಬರಿನಲ್ಲಿ ಥಾರ್ ಮತ್ತು ಕಛ್‌ಗಳ ಮೇಲೆ ಹಾಯ್ದು, ಅರಬ್ಬಿ ಸಮುದ್ರ ದಾಟಿ ಆಫ್ರಿಕಕ್ಕೆ ಹೋಗುವ ದಾರಿಹೋಕರು. ತಂತಿಯ ಮೇಲೆ ಇಂದು ಕಂಡದ್ದು ನಾಳೆ ಇರುವುದಿಲ್ಲ.

ಹಾವು, ಹಲ್ಲಿಗಳ ಭಯ ಆ ಕಾಲದಲ್ಲಿ ಕಡಿಮೆಯೇ?

ಅಕ್ಟೋಬರಿನಲ್ಲಿ ಕಡಿಮೆಯೆಂದು ನಂಬಬೇಡಿ. ಗರಗಸ ಮಂಡಲ ಹಾವು ಬೆಚ್ಚನೆಯ ರಾತ್ರಿಗಳಲ್ಲಿ ಇನ್ನೂ ಓಡಾಡುತ್ತಿರುತ್ತದೆ; ಕತ್ತಲಾದ ಮೇಲೆ ಟಾರ್ಚ್ ಮತ್ತು ಮುಚ್ಚಿದ ಪಾದರಕ್ಷೆ ಇಲ್ಲದೆ ನಡೆಯಬಾರದು. ನವೆಂಬರಿನ ಚಳಿ ಬಿದ್ದ ಮೇಲೆ ಅವು ಬಿಲ ಸೇರುತ್ತವೆ. ಸಾಂಡಾ ಎಂಬ ಮುಳ್ಳುಬಾಲದ, ಸೊಪ್ಪು ತಿನ್ನುವ ಹಲ್ಲಿ ಆಗ ಬಿಲದ ಬಾಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿಕೊಂಡು ಚಳಿಗಾಲದ ನಿದ್ದೆಗೆ ಜಾರುತ್ತದೆ.

ಅಗಸ್ತ್ಯ ನಕ್ಷತ್ರಕ್ಕೂ ಇದಕ್ಕೂ ಏನು ಸಂಬಂಧ?

ಅಗಸ್ತ್ಯ ಉದಯಿಸಿದರೆ ಕದಡಿದ ನೀರು ತಿಳಿಯಾಗುತ್ತದೆಂಬುದು ಸಂಸ್ಕೃತ ಕವಿಗಳ ಹಳೆಯ ನಂಬಿಕೆ. ಉಜ್ಜಯಿನಿಯ ಜ್ಯೋತಿಷಿ ವರಾಹಮಿಹಿರ ಈ ಉದಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ರಾತ್ರಿಯ ಆಕಾಶದ ಎರಡನೆಯ ಅತಿ ಪ್ರಕಾಶಮಾನ ನಕ್ಷತ್ರವಾದ ಇದು ಸೂರ್ಯನ ಬೆಳಕಿನಲ್ಲಿ ಕೆಲವು ತಿಂಗಳು ಮರೆಯಾಗಿದ್ದು, ಮಳೆಗಾಲ ಕಳೆಯುವ ಹೊತ್ತಿಗೆ ನಸುಕಿನಲ್ಲಿ ದಕ್ಷಿಣದ ಅಂಚಿನಲ್ಲಿ ಮತ್ತೆ ತೋರುತ್ತದೆ. ಅರಬ್ ಮರುಭೂಮಿಯ ಜನರಿಗೆ ಇದೇ ಸುಹೈಲ್. ಆಗಸ್ಟ್ 24ರ ಸುಮಾರಿಗೆ ಅದು ಮೂಡಿತೆಂದರೆ ಸೆಕೆ ಮುರಿಯುತ್ತದೆಂದು ಕೊಲ್ಲಿ ದೇಶಗಳಲ್ಲಿ ಲೆಕ್ಕ ಹಾಕುತ್ತಾರೆ. ಜೈಸಲ್ಮೇರ್ ಇನ್ನಷ್ಟು ಉತ್ತರಕ್ಕಿರುವುದರಿಂದ ಅಲ್ಲಿ ಕೆಲವು ದಿನ ತಡ. ದುಬೈನಲ್ಲಿ ಮಕ್ಕಳಿರುವ ಬೆಂಗಳೂರಿನ ತಂದೆತಾಯಿಯರಿಗೆ ಇನ್ನೊಂದು ಸಂಗತಿ: ಅಲ್ಲಿ ರಾಷ್ಟ್ರೀಯ ವೃಕ್ಷವೆಂದು ಗೌರವಿಸುವ ಘಾಫ್ ಕೂಡ ನಮ್ಮ ಬನ್ನಿಯೇ. ನನ್ನ ಅಕ್ಕನ ಮಗಳು ಅಬುಧಾಬಿಯ ರಸ್ತೆಬದಿಯ ಘಾಫ್‌ನ ಕೆಳಗೆ ವಿಜಯದಶಮಿಯ ದೀಪ ಹಚ್ಚಿದ ಚಿತ್ರ ಕಳುಹಿಸಿದಾಗ ಅಕ್ಕ ಮೊದಲು ಕೇಳಿದ್ದು, ‘ಅಲ್ಲಿ ಯಾರೂ ಬೈಯಲಿಲ್ವೇನೇ?’ ಎಂದು.

ಯಾವಾಗ ಹೋಗಬೇಕು, ಏನು ಒಯ್ಯಬೇಕು?

ಬದಲಾವಣೆಯನ್ನೇ ನೋಡಬೇಕೆನ್ನುವವರು ಅಕ್ಟೋಬರಿನ ಎರಡನೆಯ ವಾರದ ನಂತರ, ಸಾಧ್ಯವಾದರೆ ಶರತ್ ಪೂರ್ಣಿಮೆಯನ್ನು ಒಳಗೊಂಡಂತೆ ಹೋಗಬೇಕು. ಹಿತವಾದ ಹಗಲು ಬೇಕೆನ್ನುವವರು ದೀಪಾವಳಿ ಮುಗಿಸಿ ಹೊರಡುವುದು ವಾಸಿ. ಅಕ್ಟೋಬರ್ ಮಧ್ಯದಲ್ಲಿ ಜೈಸಲ್ಮೇರಿನ ಸೂರ್ಯೋದಯ ಬೆಳಗಿನ 6:45ರ ಸುಮಾರಿಗೆ, ಅಂದರೆ ನಮಗಿಂತ ಅರ್ಧ ಗಂಟೆಗೂ ಹೆಚ್ಚು ತಡ. ಬೆಂಗಳೂರಿನ ಅಭ್ಯಾಸದಂತೆ ಎದ್ದವರಿಗೆ ದಿಬ್ಬ ಹತ್ತಲು ಬೇಕಾದಷ್ಟು ಹೊತ್ತಿರುತ್ತದೆ.

ಬಟ್ಟೆಯ ವಿಚಾರದಲ್ಲಿ ನನ್ನ ಪಾಡು ನಿಮಗೆ ಬರಬಾರದು. ದೀಪಾವಳಿ ಕಳೆದ ವಾರ ಹೊರಟಿದ್ದಾಗ, ಟಿಕೆಟ್ ಮಾಡಿಕೊಟ್ಟವರು ‘ಮರುಭೂಮೀಲಿ ಎಲ್ಲಿಯ ಚಳಿ ಸಾರ್’ ಎಂದು ನಕ್ಕರು, ನಾನೂ ನಂಬಿ ಸ್ವೆಟರನ್ನು ಮಂಚದ ಮೇಲೇ ಬಿಟ್ಟು ಹೋದೆ. ಸಮ್ ದಿಬ್ಬಗಳ ಬಳಿಯ ಡೇರೆಯಲ್ಲಿ ಮಧ್ಯರಾತ್ರಿಯ ಮೇಲೆ ಎರಡು ಪಂಚೆ, ಒಂದು ಟವೆಲ್ಲು ಸುತ್ತಿಕೊಂಡರೂ ನಡುಕ ನಿಲ್ಲಲಿಲ್ಲ; ಹಾಸಿಗೆಯ ಮೇಲಿನ ಜಮಖಾನವನ್ನೇ ಎಳೆದು ಹೊದ್ದುಕೊಂಡೆ. ಬೆಳಿಗ್ಗೆ ಡೇರೆಯ ಬಟ್ಟೆಯ ಹೊರಮೈ ಇಬ್ಬನಿಯಿಂದ ಒದ್ದೆಯಾಗಿತ್ತು. ತುಟಿಗೆ ಹಚ್ಚಲು ಒಂದಿಷ್ಟು ಬೆಣ್ಣೆ ಅಥವಾ ತುಪ್ಪ, ತೆಳುವಾದ ಒಂದು ಶಾಲು, ಹಗಲಿಗೆ ಹತ್ತಿಯ ಪೂರ್ಣತೋಳಿನ ಅಂಗಿ ಇದ್ದರೆ ಸಾಕು.

ಬೆಂಗಳೂರಿನಲ್ಲಿ ಕುಳಿತೇ ಈ ಗುರುತುಗಳನ್ನು ಹಿಡಿಯಲು ಸಾಧ್ಯವೇ?

ಅಷ್ಟಿಷ್ಟು ಸಾಧ್ಯ. ಹವಾಮಾನ ಇಲಾಖೆ ಮುಂಗಾರು ನಿರ್ಗಮನದ ನಕ್ಷೆಯನ್ನು ಸೆಪ್ಟೆಂಬರಿನಿಂದ ಪ್ರಕಟಿಸುತ್ತದೆ. ಮೊದಲ ಗೆರೆ ಜೈಸಲ್ಮೇರನ್ನು ದಾಟಿದ ದಿನ ಅಲ್ಲಿ ಶರತ್ತು ಬಂತೆಂದು ತಿಳಿಯಬಹುದು. ಅಕ್ಟೋಬರ್ ಮಧ್ಯದಲ್ಲಿ ಬೆಳಗಿನ ಐದರ ಸುಮಾರಿಗೆ ಮಹಡಿ ಹತ್ತಿ ನೇರ ದಕ್ಷಿಣಕ್ಕೆ ನೋಡಿದರೆ, ಮೋಡವಿಲ್ಲದಿದ್ದಲ್ಲಿ ಅಗಸ್ತ್ಯ ಸುಮಾರು 24 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಜೈಸಲ್ಮೇರಿನಲ್ಲಿ ಅದು ಏರುವುದು ಹತ್ತೇ ಡಿಗ್ರಿ, ಒಂದು ದಿಬ್ಬ ಅಡ್ಡವಿದ್ದರೂ ಸಾಕು, ಕಾಣದೆ ಹೋಗುತ್ತದೆ. ಹಿಮಾಲಯದ ಕಡೆಯಿಂದ ಬರುವ ಬೂದು ಸಿಪಿಲೆ ಹಕ್ಕಿ ಸೆಪ್ಟೆಂಬರಿನಲ್ಲಿ ಲಾಲ್‌ಬಾಗಿನ ಕೆರೆಯಂಚಿಗೂ, ಕೆಲವೊಮ್ಮೆ ನಮ್ಮ ಬೀದಿಯ ಮೋರಿಯ ಪಕ್ಕಕ್ಕೂ ಬಾಲ ಕುಣಿಸುತ್ತ ಬಂದಿಳಿಯುತ್ತದೆ. ಅದನ್ನು ಮೊದಲು ಕಂಡ ದಿನವನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತೇನೆ. ಹೋದ ವರ್ಷದ ಗುರುತು ಹಸ್ತ ಮಳೆ ಹುಟ್ಟುವುದಕ್ಕೆ ಮೂರು ದಿನ ಮೊದಲಿನ ಚೌಕದಲ್ಲಿ, ಹಾಲಿನ ಲೆಕ್ಕದ ಕೆಳಗೆ ಇದೆ.